ಮೊದಲ ಮುತ್ತೈದೆ

ಸೀರೆಯ ವಿಚಾರ ದೊಡ್ಡತಾಯಮ್ಮನಿಗೆ ಹೊಳೆದದ್ದು ಬಸ್ಸು ಮಳವಳ್ಳಿ ಬಿಟ್ಟು ಎರಡು ಮೈಲಿ ಬಂದ ಮೇಲೆ. ಕೋರ್ಟಿಗೆ ಹೋಗುವವಳು ಮಾನವಾಗಿ ಹೋಗಬೇಕೆಂದು ಬೆಳಿಗ್ಗೆ ಎದ್ದು ನೀರು ಹುಯ್ದುಕೊಂಡು, ಪೆಟ್ಟಿಗೆಯಲ್ಲಿದ್ದ ಒಂದೇ ಒಂದು ಒಳ್ಳೆಯ ಸೀರೆಯನ್ನು ಉಟ್ಟು, ಎರಡು ಸಲ ನೆರಿಗೆ ಸರಿಮಾಡಿಕೊಂಡು ಬಂದಿದ್ದಳು. ಈಗ ಮುಂದಿನ ಸೀಟಿನ ಕಂಬಿ ಹಿಡಿದ ಕೈಯ ಕೆಳಗೆ ಅದರ ಕೆಂಪಂಚು ಕಂಡು, ಇದನ್ನು ಕೊಟ್ಟವಳು ಗಂಡಿನ ಕಡೆಯ ಇಂದ್ರಮ್ಮನಲ್ಲವೆ, ಆ ಹುಡುಗಿಯ ಮದುವೆಯ ದಿನ ಕೊಟ್ಟದ್ದಲ್ಲವೆ, ಅದು ಮದುವೆಯೋ ಮಾರಾಟವೋ ಎಂದು ಹೇಳುವುದಕ್ಕಲ್ಲವೆ ತಾನು ಮಂಡ್ಯಕ್ಕೆ ಹೊರಟಿರುವುದು ಎಂದು ಒಂದಾದ ಮೇಲೊಂದು ನೆನಪಾಯಿತು. ಕದ್ದ ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಪೊಲೀಸು ಠಾಣೆಗೆ ದಾರಿ ಕೇಳಿದ ಹಾಗಾಯಿತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅಂಚು ಮುಚ್ಚಿದಳು. ಸೀರೆಗೆ ಇನ್ನೊಂದು ಅಂಚಿರುತ್ತದೆ, ಅದು ಕಾಲ ಬಳಿ ಇರುತ್ತದೆ ಎಂಬುದು ಇಷ್ಟು ವರ್ಷ ಸೀರೆ ಉಟ್ಟವಳಿಗೆ ಆಗ ಹೊಸದಾಗಿ ಗೊತ್ತಾಯಿತು. ಯುದ್ಧದ ದೆಸೆಯಿಂದ ಪೆಟ್ರೋಲು ಸಿಗದೆ ಇದ್ದಿಲ ಹೊಗೆಯ ಮೇಲೆ ಓಡುತ್ತಿದ್ದ ಆ ಬಸ್ಸು ಏರು ಬಂದಲ್ಲೆಲ್ಲ ನಿಲ್ಲುತ್ತಿತ್ತು. ನಿಂತಾಗ ತಾಯಮ್ಮನಿಗೆ ಇಳಿದು ಮನೆಗೆ ನಡೆದುಬಿಡಬಹುದು ಎನ್ನಿಸುತ್ತಿತ್ತು. ಹೊರಟಾಗ, ಅಯ್ಯೋ ಹೊರಟುಬಿಟ್ಟಿತಲ್ಲ, ಇನ್ನೇನು ಮಾಡುವುದು ಎಂದು ಸಮಾಧಾನವಾಗುತ್ತಿತ್ತು.

ವಿಷಯ ಬಹಳ ಸಣ್ಣದು ಎಂದು ಸಮನ್ಸು ತಂದ ಪೊಲೀಸಿನವನು ಹೇಳಿದ್ದ. ಅಪ್ಪ ಅವ್ವ ಇಲ್ಲದ, ಅದೇ ಊರಿನ ಚಿಕ್ಕಬೋರಮ್ಮ ಎಂಬ ಹುಡುಗಿಯನ್ನು ಅವಳ ಚಿಕ್ಕಪ್ಪ ದೊಡ್ಡಬೀರಯ್ಯ ಹೋದ ವರ್ಷ ಬೆಂಗಳೂರಿನ ಲಿಂಗಯ್ಯ ಎಂಬುವನಿಗೆ ಕೊಟ್ಟ. ಲಿಂಗಯ್ಯ ತೆರ ಕೊಟ್ಟ. ಹೆಣ್ಣಿನ ಕಡೆಯವರಿಗೆ ತೆರ ಕೊಡದೆ ಈ ಸೀಮೆಯಲ್ಲಿ ಯಾರ ಮದುವೆ ಆಗಿದೆ? ಎಂಟು ತಿಂಗಳಾದ ಮೇಲೆ ಬೆಂಗಳೂರಿನ ಒಂದು ಮನೆಗೆ ಪೊಲೀಸರು ನುಗ್ಗಿದಾಗ ಅಲ್ಲಿ ಐದು ಜನ ಹೆಣ್ಣುಮಕ್ಕಳು ಸಿಕ್ಕಿದರು. ಐವರ ಕೊರಳಲ್ಲೂ ತಾಳಿ ಇತ್ತು, ಐದನ್ನೂ ಕಟ್ಟಿದವನು ಲಿಂಗಯ್ಯನೇ. ಆ ಮನೆಗೆ ಯಾರು ಯಾರು ಬಂದುಹೋಗುತ್ತಿದ್ದರು ಎಂಬುದನ್ನು ಪೊಲೀಸಿನವನು ತಾಯಮ್ಮನ ಮುಖ ನೋಡದೆ, ಹುಣಿಸೆಮರವನ್ನು ನೋಡುತ್ತ ಹೇಳಿದ. ಹೆಣ್ಣುಮಕ್ಕಳನ್ನು ಕೊಳ್ಳುವವರನ್ನು, ಮಾರುವವರನ್ನು, ಮನೆಯಲ್ಲಿಟ್ಟು ಅವರಿಂದ ಬದುಕುವವರನ್ನು ಜೈಲಿಗೆ ಹಾಕಲು ಮಹಾರಾಜರ ಸರ್ಕಾರ ಕಾಯಿದೆ ಮಾಡಿದೆಯಂತೆ. ಆದರೆ ಲಿಂಗಯ್ಯನ ವಕೀಲರು ಹೇಳುವುದೇ ಬೇರೆ. ಕೊಂಡದ್ದೆಲ್ಲಿ ಬಂತು, ಅದು ತೆರ. ಐವರೂ ಹೆಂಡತಿಯರು, ಗಂಡಸು ಐದು ಮದುವೆಯಾಗಬಾರದು ಎಂದು ಯಾವ ಕಾಯಿದೆಯಲ್ಲಿ ಬರೆದಿದೆ? ಬಂದುಹೋಗುವವರು ನೆಂಟರು. ಮೊದಲು ನನ್ನ ಹೆಂಡತಿಯನ್ನು ನನ್ನ ವಶಕ್ಕೆ ಕೊಡಿಸಿ ಎಂದು ಲಿಂಗಯ್ಯ ಅರ್ಜಿ ಹಾಕಿದ್ದಾನೆ. ತಾಳಿ ಕಟ್ಟಿದ್ದು ಈ ಜಿಲ್ಲೆಯಲ್ಲಾದ್ದರಿಂದ ವಿಚಾರಣೆ ಮಂಡ್ಯದಲ್ಲಿ. ಮದುವೆ ಆಗಿದ್ದರೆ ಹುಡುಗಿ ಅವನ ಹಿಂದೆ ಹೋಗಬೇಕು. ಆಗಿಲ್ಲದಿದ್ದರೆ ಅವನು ಕಾಯಿದೆಯ ಕೈಗೆ ಸಿಕ್ಕುತ್ತಾನೆ. ಆಯಿತೋ ಇಲ್ಲವೋ ಎಂದು ಹೇಳಬಲ್ಲವರು, ಆ ಚಿಕ್ಕಪ್ಪನನ್ನು, ಲಿಂಗಯ್ಯನ ಕಡೆಯವರನ್ನು ಬಿಟ್ಟರೆ, ಅಂದು ಅರಿಶಿನ ಹಚ್ಚಿದ ತಾಯಮ್ಮ ಒಬ್ಬಳೇ.

ಆಗಲಿಲ್ಲ ಎನ್ನಲು ತಾಯಮ್ಮನಲ್ಲಿ ಒಂದೇ ಒಂದು ಮಾತಿತ್ತು. ಇಪ್ಪತ್ತಾರು ವರ್ಷದಿಂದ ಆ ಮಾತನ್ನು ಅವಳು ಬಾಯಿಂದ ಹೊರಗೆ ಬಿಟ್ಟಿರಲಿಲ್ಲ. ದೊಡ್ಡ ಜ್ವರದ ವರ್ಷ ಅವಳ ಮೊದಲನೆಯ ಗಂಡ ಸತ್ತ. ಆಗ ಅವಳಿಗೆ ಹದಿನೇಳು. ಮರುವರ್ಷ ಹೆಂಡತಿ ಸತ್ತಿದ್ದ ಕರಿಸಿದ್ದಯ್ಯನಿಗೆ ಅವಳನ್ನು ಕೂಡಿಕೆ ಮಾಡಿದರು. ಗಂಡ ಸತ್ತವಳನ್ನು ಮತ್ತೊಬ್ಬನ ಜೊತೆ ಕೂಡಿಸುವುದಕ್ಕೆ ಕುಲ ಬೇಡ ಎನ್ನುವುದಿಲ್ಲ. ವಾಲಗ ಇಲ್ಲ, ಚಪ್ಪರ ಇಲ್ಲ, ಹೊತ್ತು ಮುಳುಗಿದ ಮೇಲೆ ಒಂದು ಸೀರೆ ಕೊಟ್ಟು ಒಳಗೆ ಕರೆದುಕೊಂಡರೆ ಮುಗಿಯಿತು. ಹೊಲ ಗೇಯಬಹುದು, ಮಕ್ಕಳು ಹೆರಬಹುದು, ಕುಂಕುಮ ಇಡಬಹುದು. ಇನ್ನೊಬ್ಬರ ಮದುವೆಯಲ್ಲಿ ಮಾತ್ರ ಹಸೆಮಣೆಯ ಹತ್ತಿರ ಸುಳಿಯಬಾರದು. ಅರಿಶಿನ ಮುಟ್ಟಬಾರದು, ಕಳಶ ಮುಟ್ಟಬಾರದು, ಧಾರೆಯ ಹಾಲಿಗೆ ಕೈ ಹಾಕಬಾರದು. ಹಾಕಿದರೆ ಆ ಮದುವೆ ಮದುವೆಯಲ್ಲ, ಮತ್ತೆ ಮಾಡಬೇಕು. ಹಾಗೆಂದು ಯಾರೂ ಅವಳಿಗೆ ಬೈದು ಹೇಳಿರಲಿಲ್ಲ. ಮದುವೆಮನೆಯಲ್ಲಿ ಅವಳು ಎರಡು ಹೆಜ್ಜೆ ಮುಂದೆ ಬಂದರೆ ಯಾರಾದರೂ, ತಾಯಮ್ಮ, ಒಲೆ ಕಡೆ ನೋಡ್ಕತೀಯಾ, ಅನ್ನುತ್ತಿದ್ದರು. ಈ ಊರಿನ ಅದೆಷ್ಟು ಮದುವೆಗಳ ಸಾರು ಅವಳ ಕೈಯಲ್ಲಿ ಕುದಿದಿತ್ತೋ. ಒಲೆಯ ಮುಂದೆ ಕುಳಿತೇ ಪ್ರತಿಯೊಂದು ಶಾಸ್ತ್ರವನ್ನೂ ಕಿವಿಯಲ್ಲಿ ಕಲಿತಿದ್ದಳು. ಯಾವ ಹಾಡಿಗೆ ಯಾವ ಶಾಸ್ತ್ರ ನಡೆಯುತ್ತಿದೆ ಎಂದು ಹೊಗೆಯೊಳಗಿಂದಲೇ ಹೇಳಬಲ್ಲಳು. ಮೊದಲ ಹೆಂಡತಿ ಸತ್ತಿದ್ದರೂ ಕರಿಸಿದ್ದಯ್ಯ ಮಾತ್ರ ಹಿರಿಯರ ಸಾಲಿನಲ್ಲೇ ಕುಳಿತು ವೀಳ್ಯ ತೆಗೆದುಕೊಳ್ಳುತ್ತಿದ್ದ. ಗಂಡಸಿಗೆ ಎರಡನೆಯದೂ ಮದುವೆಯೇ. ಇವತ್ತು ಮುಂಜಾನೆ ಗಾಡಿಯಿಂದ ಇಳಿಸುವಾಗ ಅವನು, ಏನು ಏಳ್ಬೇಕೋ ಏಳು, ನಂಗೇನೂ ನಾಚ್ಕೆ ಇಲ್ಲ, ಎಂದ. ಒಳ್ಳೆಯ ಮನುಷ್ಯ. ಅವನಿಗೆ ನಾಚಿಕೆಯಾಗಲು ಏನಿದೆ ಎಂದು ಕೇಳಬೇಕೆನಿಸಿತು. ಬುತ್ತಿ ಕಟ್ಟಿದ ಬಟ್ಟೆಯ ಗಂಟು ಸರಿಯಾಗಿದೆಯೇ ನೋಡಿಕೊಂಡಳು.

ಮದ್ದೂರಿನಲ್ಲಿ ಬಸ್ಸು ನಿಂತು, ಕ್ಲೀನರು ಹಿಂದಿನ ಕೊಳವೆಯ ಬೂದಿ ಕೆದಕತೊಡಗಿದಾಗ, ಪಕ್ಕದಲ್ಲಿ ಕುಳಿತಿದ್ದ ಪುಟ್ಟಮಾದಮ್ಮ ತಾಯಮ್ಮನ ಜೊತೆ ಮೊದಲ ಸಲ ಬಾಯಿ ತೆರೆದಳು. ಅವಳು ಊರ ಯಜಮಾನರ ಹೆಂಡತಿ. ಅವಳಿಲ್ಲದೆ ಊರಿನಲ್ಲಿ ಒಂದು ಹಸೆ ಬರೆಯುವಂತಿರಲಿಲ್ಲ. ಮಂಡ್ಯದಲ್ಲಿರುವ ಮಗಳನ್ನು ನೋಡಲು ಹೊರಟಿದ್ದೇನೆ ಎಂದು ಬಸ್ಸಿನಲ್ಲಿ ನಾಲ್ಕು ಜನಕ್ಕೆ ಹೇಳಿದ್ದಳು. ಮಗಳ ಮನೆಗೆ ಹೋಗುವವಳ ಕೈಯಲ್ಲಿ ಒಂದು ಹಿಡಿ ಹುರಿಗಡಲೆಯೂ ಇರಲಿಲ್ಲ.

“ಮದ್ವೆ ಆಯ್ತು ಅಂತ್ಲೇ ಏಳೀಯ, ತಾಯಮ್ಮ?”

ತಾಯಮ್ಮ, ಕಂಡದ್ದನ್ನು ಹೇಳುತ್ತೇನೆ ಎಂದಳು.

“ಅವ್ರು ನನ್ನ ಯಾಕೆ ಕರೀನಿಲ್ಲ ಗೊತ್ತಾ? ನನ್ ಕರದಿದ್ರೆ ಕುಲ ಯಾವ್ದು, ಸೋದರಮಾವ ಎಲ್ಲಿ, ಗಂಡಿನ ಕಡೆ ಯಜಮಾನ ಯಾರು ಅಂತ ಕೇಳ್ತಿದ್ದೆ. ನಿನ್ ಕರದ್ರೆ ನೀನ್ ಏನ್ ಕೇಳೀಯೆ ಕಣಮ್ಮಿ? ಕರೆದ್ರಲ್ಲಾ ಅಂತ ಕುಣ್ಕಂಡ್ ಓದೆ.”

ಇದನ್ನು ಪುಟ್ಟಮಾದಮ್ಮ ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ; ಬೆಂಡೆಕಾಯಿ ಬಲಿತಿದೆ ಎನ್ನುವ ಹಾಗೆ ಹೇಳಿದಳು. ತಾಯಮ್ಮನಿಗೆ ಸಿಟ್ಟು ಬಂದದ್ದು ಮಾತು ನಿಜವಾದದ್ದಕ್ಕಲ್ಲ, ಅಷ್ಟು ನಿಜವನ್ನು ಇವಳು ಮದ್ದೂರಿನವರೆಗೆ ಸುಮ್ಮನೆ ಹೊತ್ತು ತಂದದ್ದಕ್ಕೆ. ಇಂದ್ರಮ್ಮ ಎಂಬ ಆ ಹೆಂಗಸು, ಲಿಂಗಯ್ಯನ ಅಕ್ಕ ಎಂದು ಹೇಳಿಕೊಂಡವಳು, ಅಂದು ನೇರವಾಗಿ ತಾಯಮ್ಮನ ಹಟ್ಟಿಗೆ ಬಂದು ಜಗಲಿಯ ಮೇಲೆ ಕುಳಿತು, ಅಕ್ಕ, ಇಡೀ ಊರು ವಿಚಾರಿಸಿದೆ, ಶಾಸ್ತ್ರ ಬಲ್ಲವರು ಅಂದರೆ ನೀವೇ ಅಂತೆ, ಐದು ಜನ ಮುತ್ತೈದೆಯರಲ್ಲಿ ನೀವೇ ಮೊದಲನೆಯವರಾಗಬೇಕು, ಎಂದಿದ್ದಳು. ಊರು ವಿಚಾರಿಸಿದರೆ ಊರು ಮೊದಲು ಹೇಳುವುದೇನು ಎಂದು ತಾಯಮ್ಮನಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಬೆಂಗಳೂರಿನವರು, ಇಂಥದ್ದನ್ನೆಲ್ಲ ಬಿಟ್ಟಿರಬಹುದು, ಕಾಲ ಬದಲಾಗಿದೆ ಎಂದು ತನಗೆ ತಾನೇ ಹೇಳಿಕೊಂಡಳು. ಕಾಲ ಬದಲಾಗಿದೆಯೇ ಎಂದು ಅವಳು ಜೀವಮಾನದಲ್ಲಿ ಯೋಚಿಸಿದ್ದು ಅದೊಂದೇ ಮಧ್ಯಾಹ್ನ. ಸೀರೆ ಎತ್ತಿ ಕೈಗೆ ಕೊಟ್ಟಾಗ ಬೇಡ ಎಂದಳು, ಒಂದು ಸಲ. ಊರಲ್ಲಿ ಚಪ್ಪರ ಹಾಕದೆ ವೈದ್ಯನಾಥಪುರದ ಆಚೆ ಹೊಳೆದಂಡೆಯ ಹಾಳು ಮಂಟಪದಲ್ಲೇಕೆ ಮದುವೆ ಎಂದರೆ, ರೇಷನ್ನಿನ ಕಾಲ, ಊಟ ಹಾಕಲು ಅಕ್ಕಿ ಎಲ್ಲಿದೆ ಅಕ್ಕ, ಎಂದರು. ಉಳಿದ ನಾಲ್ವರು ಮುತ್ತೈದೆಯರನ್ನು ಇಂದ್ರಮ್ಮನೇ ಕರೆತಂದಿದ್ದಳು. ಅವರಿಗೆ ಒಂದು ಸೋಬಾನೆ ಪದವೂ ಬರುತ್ತಿರಲಿಲ್ಲ. ಅರಿಶಿನ ಯಾವ ಕಡೆಯಿಂದ ಹಚ್ಚಬೇಕು ಎಂದು ತಾಯಮ್ಮನ ಕೈ ನೋಡುತ್ತಿದ್ದರು. ಅದನ್ನು ಕಂಡು ಅನುಮಾನ ಬರಬೇಕಾದವಳಿಗೆ ಸಂತೋಷ ಬಂತು. ನಾಲ್ಕು ಜನಕ್ಕೆ ತಾನು ಕಲಿಸುತ್ತಿದ್ದೇನೆ ಎಂದು ಸ್ವರ ಏರಿಸಿ ಹಾಡಿದಳು. ಮಂಟಪದ ಕಂಬಗಳಿಗೆ ಅದು ಚೆನ್ನಾಗಿ ಕೇಳಿಸಿರಬೇಕು.

ಮಂಡ್ಯದ ಕೋರ್ಟಿನ ಜಗಲಿಯಲ್ಲಿ ಹುಡುಗಿ ಕುಳಿತಿದ್ದಳು. ಮೈಸೂರಿನ ಯಾವುದೋ ಆಶ್ರಮದವರಂತೆ, ಕಾಮಾಕ್ಷಮ್ಮ ಎಂದು ಹೆಸರು, ಕನ್ನಡಕ ಹಾಕಿದ ಒಬ್ಬ ಹೆಂಗಸು ಪಕ್ಕದಲ್ಲಿದ್ದರು. ತಾಯಮ್ಮ ಎದುರಿಗೆ ಬಂದಾಗ ಚಿಕ್ಕಬೋರಮ್ಮ ಮುಖ ತಿರುಗಿಸಲಿಲ್ಲ, ತಲೆ ತಗ್ಗಿಸಲೂ ಇಲ್ಲ. ಅಪರಿಚಿತರನ್ನು ನೋಡುವ ಹಾಗೆ ನೋಡಿ, ನೋಡಿ ಮುಗಿಯಿತು ಎನ್ನುವ ಹಾಗೆ ಬೇರೆ ಕಡೆ ನೋಡಿದಳು. ಏನಾದರೂ ಬೈದಿದ್ದರೆ ಆಗುತ್ತಿತ್ತು. ಬೈಸಿಕೊಳ್ಳುವುದಕ್ಕೆ ತಾಯಮ್ಮ ದಾರಿಯುದ್ದಕ್ಕೂ ಸಿದ್ಧತೆ ಮಾಡಿಕೊಂಡು ಬಂದಿದ್ದಳು; ಬೈದ ಮೇಲೆ ತಾನು ಕಣ್ಣೊರೆಸಿಕೊಳ್ಳುವುದನ್ನೂ ಸೇರಿಸಿ. ಒಳಗೆ ಹೋಗುವಷ್ಟರಲ್ಲಿ ಅವಳು ಒಂದು ಉಪಾಯ ಕಂಡುಕೊಂಡಿದ್ದಳು. ಆಯಿತು ಎಂದೂ ಹೇಳುವುದಿಲ್ಲ, ಆಗಲಿಲ್ಲ ಎಂದೂ ಹೇಳುವುದಿಲ್ಲ. ನೆನಪಿಲ್ಲ ಎನ್ನುವುದು. ವಯಸ್ಸಾದವಳು, ನೆನಪಿಲ್ಲ. ಮಾನವೂ ಉಳಿಯಿತು, ಪಾಪವೂ ಬರಲಿಲ್ಲ. ಇಷ್ಟು ಸುಲಭದ ದಾರಿ ಇರುವಾಗ ಮೂರು ದಿನ ನಿದ್ದೆಗೆಟ್ಟೆನಲ್ಲ ಎಂದು ತನ್ನ ಮೇಲೆಯೇ ಮರುಕ ಬಂತು.

ಕಟಕಟೆ ಹತ್ತಿಸಿ ಪ್ರಮಾಣ ಮಾಡಿಸಿದರು. ಲಿಂಗಯ್ಯನ ವಕೀಲರು ಬಿಳಿಯ ಪೇಟದ, ಮೃದುವಾದ ದನಿಯ ಮನುಷ್ಯ. ಅವರು ಕೇಳಿದ ಮೊದಲನೆಯ ಪ್ರಶ್ನೆಗೆ ತಾಯಮ್ಮ, ನೆನಪಿಲ್ಲ ಬುದ್ದಿ, ಎಂದಳು. ಅವರು ಕೋಪಿಸಿಕೊಳ್ಳಲಿಲ್ಲ. ಒಂದು ಕಾಗದ ತೆಗೆದು ಓದತೊಡಗಿದರು. ಅದು ಹಿಂದೆ ಪೊಲೀಸಿನವನು ಬಂದು ಕೇಳಿದಾಗ ಇವಳು ಹೇಳಿ ಬರೆಸಿದ್ದು. ಗಂಗೆ ತಂದದ್ದು, ಬಾಸಿಂಗ ಕಟ್ಟಿದ್ದು, ಅರಿಶಿನ ಪಾದದಿಂದ ಮೇಲಕ್ಕೆ ಹಚ್ಚಿದ್ದು, ಎಷ್ಟು ಪದ ಹಾಡಿದ್ದು, ಐದು ಸಲ ಹಾಲು ಬಿಟ್ಟದ್ದು. ತನ್ನ ಮಾತನ್ನು ಯಾರೋ ಬರೆದುಕೊಳ್ಳುತ್ತಿದ್ದಾರೆ ಎಂಬ ಉಬ್ಬಿನಲ್ಲಿ ಅಂದು ಅವಳು ಒಂದನ್ನೂ ಬಿಟ್ಟಿರಲಿಲ್ಲ; ಮಾಡದೆ ಹೋದ ಒಂದೆರಡು ಶಾಸ್ತ್ರವನ್ನೂ ಸೇರಿಸಿದ್ದಳು. ಓದು ಮುಗಿಯುವಷ್ಟರಲ್ಲಿ ಕೋರ್ಟಿನಲ್ಲಿದ್ದವರ ಕಣ್ಣ ಮುಂದೆ ದೊಡ್ಡದೊಂದು ಮದುವೆ ನಡೆದುಹೋಗಿತ್ತು. ವಕೀಲರು ಕಾಗದ ಮಡಿಸಿ, “ಇಷ್ಟನ್ನೂ ನಡೆಸಿಕೊಟ್ಟ ಮೊದಲ ಮುತ್ತೈದೆ ತಾವೇ ಅಲ್ಲವೆ, ತಾಯಿ?” ಎಂದರು.

ತಾವು. ತಾಯಿ. ಮೊದಲ ಮುತ್ತೈದೆ. ಮ್ಯಾಜಿಸ್ಟ್ರೇಟರ ಎದುರಿಗೆ, ಹಿಂದಿನ ಬೆಂಚಿನಲ್ಲಿ ಪುಟ್ಟಮಾದಮ್ಮ ಕುಳಿತು ಕೇಳುತ್ತಿರುವಾಗ. ಅವಳ ಮೈಯಲ್ಲಿ ಬೆಚ್ಚಗೆ ಏನೋ ಹರಿಯಿತು. ಹರಿಯಿತು ಎಂಬುದೇ ನಾಚಿಕೆ, ಆದರೆ ಹರಿದದ್ದು ನಿಜ. ಔದು ಎನ್ನುವುದಕ್ಕೆ ಬಾಯಿ ತೆರೆದಳು. ಆಗ ಅರಿಶಿನದ ಬಟ್ಟಲಿನ ಹಿಂದಿನಿಂದ ಮೇಲೆತ್ತಿದ ಹುಡುಗಿಯ ಮುಖ ಕಂಡಿತು, ಈಗ ಕೋರ್ಟಿನೊಳಗೆ ಕಾಮಾಕ್ಷಮ್ಮನ ಪಕ್ಕ ಬೆಂಚಿನ ಮೇಲಿದ್ದ ಮುಖವಲ್ಲ, ಮಂಟಪದಲ್ಲಿ ಹಸೆಯ ಮೇಲೆ ಇದ್ದದ್ದು. ದೊಡ್ಡವ್ವ, ನಮ್ಮೂರೋರು ಯಾರೂ ಬರಲಿಲ್ವಾ, ಎಂದು ಅದು ಕೇಳಿತ್ತು. ನಾನಿಲ್ವೇನೇ, ಎಂದಿದ್ದಳು ತಾಯಮ್ಮ. ಹುಡುಗಿ ಇವಳ ಕೈಯನ್ನು ನೋಡಿ ಕೆನ್ನೆಯನ್ನು ಒಂದು ಬೆರಳಿನಷ್ಟು ಹಿಂದಕ್ಕೆ ತೆಗೆದಳು. ಕೂಡಿಕೆಯವಳ ಕೈ ಮದುವೆಯಲ್ಲಿ ಸಲ್ಲದು ಎಂದು ಆ ಊರಿನ ಕೂಸಿಗೂ ಗೊತ್ತು. ಇವಳೂ ನನ್ನನ್ನು ಹೇಸುತ್ತಾಳಲ್ಲ, ತಬ್ಬಲಿ ಮುಂಡೇದು, ಎಂದು ತಾಯಮ್ಮನಿಗೆ ಉರಿದು, ಗದ್ದ ಹಿಡಿದು ತಿರುಗಿಸಿ, ಬೇಕಾದ್ದಕ್ಕಿಂತ ಒತ್ತಿ ಹಚ್ಚಿದ್ದಳು. ಹುಡುಗಿಗೆ ಹೇಸಿಗೆಯಾಗಿರಲಿಲ್ಲ. ಭಯವಾಗಿತ್ತು. ಈ ಕೈಯಲ್ಲಿ ಅರಿಶಿನ ಹಚ್ಚಿಸುತ್ತಿರುವವರಿಗೆ ಮದುವೆ ಬೇಕಾಗಿಲ್ಲ ಎಂಬುದು, ಇಪ್ಪತ್ತಾರು ವರ್ಷ ಒಲೆಯ ಮುಂದೆ ಕುಳಿತು ಶಾಸ್ತ್ರ ಕಲಿತವಳಿಗಿಂತ ಮೊದಲು ಆ ಮಗುವಿಗೆ ಗೊತ್ತಾಗಿತ್ತು. ಬಿಡಿಸಿಕೊಳ್ಳಲು ಅವಳು ಮಾಡಿದ್ದು ಅದೊಂದೇ, ಬೆರಳಿನಷ್ಟು ಹಿಂದೆ ಸರಿದದ್ದು. ಅದನ್ನು ತಾಯಮ್ಮ ತನ್ನ ಮಾನಕ್ಕಾಗಿ ಹಿಡಿದು ತಿರುಗಿಸಿದ್ದಳು.

“ಅಲ್ಲ ಬುದ್ದಿ,” ಎಂದಳು.

ವಕೀಲರು, ಏನು ಅಲ್ಲ ಎಂದರು.

“ನಾನು ಮುತ್ತೈದೆ ಅಲ್ಲ. ಕೂಡಿಕೆಯೋಳು. ನಾನು ಅರಿಸಿನ ಮುಟ್ಟಿದ್ ಮ್ಯಾಲೆ ಅದು ಮದ್ವೆ ಅಲ್ಲ. ನಮ್ಮ ಕುಲ್ದೋರ್ನ ಯಾರ್ನಾದ್ರೂ ಕೇಳಿ.”

ಅಷ್ಟು ಹೇಳಿದರೆ ಸಿಡಿಲು ಬಡಿಯುತ್ತದೆ ಎಂದುಕೊಂಡಿದ್ದಳು. ಮ್ಯಾಜಿಸ್ಟ್ರೇಟರು ತಲೆಯೆತ್ತಿ, ಕೂಡಿಕೆ ಎಂದರೇನು ಎಂದು ಕೇಳಿದರು. ಪಕ್ಕದ ಗುಮಾಸ್ತ ಎದ್ದು ಬಗ್ಗಿ, ಇಟ್ಟುಕೊಂಡವಳು ಅಂತ ಅರ್ಥ, ಮಹಾಸ್ವಾಮಿ, ಎಂದ. ಯಾರೋ ಕಿಸಕ್ಕೆಂದರು. ಹೀಗಾಗಿ ಜೀವಮಾನವೆಲ್ಲ ಮುಚ್ಚಿಟ್ಟದ್ದನ್ನು ಒಂದು ಸಲ ಹೇಳಿದರೆ ಸಾಲದೆ, ಇಟ್ಟುಕೊಂಡವಳಲ್ಲ ಬುದ್ದಿ ಎಂದು ಮೊದಲಿನಿಂದ ಬಿಡಿಸಿ, ಗಂಡ ಸತ್ತದ್ದು, ಸೀರೆ ಕೊಟ್ಟದ್ದು, ಏನೇನು ಮುಟ್ಟಬಾರದು, ಎಲ್ಲಿ ನಿಲ್ಲಬಾರದು, ಎಲ್ಲವನ್ನೂ ಹೇಳಬೇಕಾಯಿತು. ಗುಮಾಸ್ತನ ಲೇಖನಿ ನಿಧಾನ. ಅವನಿಗೋಸ್ಕರ ಕೆಲವು ಮಾತನ್ನು ಎರಡೆರಡು ಸಲ ಹೇಳಿದಳು. ವಕೀಲರ ದನಿ ಈಗ ಅಷ್ಟು ಮೃದುವಾಗಿರಲಿಲ್ಲ. ತಾವು ಹೋಗಿ ನೀನು ಬಂದಿತ್ತು. ಇದೆಲ್ಲ ಗೊತ್ತಿದ್ದೂ ಏಕೆ ಹೋದೆ ಎಂದು ಕೇಳಿದರು.

“ಇಪ್ಪತ್ತಾರು ವರ್ಸದಲ್ಲಿ ಯಾರೂ ಕರದಿರ್ನಿಲ್ಲ. ಕರೆದ್ರು, ಓದೆ.”

ಸೀರೆಯ ಆಸೆಗೆ ಹೋದೆಯೋ ಎಂದರು. ಅದಕ್ಕೂ ಹೌದು ಎಂದಳು. ಎಲ್ಲಿದೆ ಆ ಸೀರೆ ಎಂದರು. “ಇದೇಯ ಬುದ್ದಿ. ಉಟ್ಕಂಡೇ ಬಂದಿವ್ನಿ,” ಎಂದು ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಟ್ಟು ತೋರಿಸಿದಳು. ಆಗ ಮ್ಯಾಜಿಸ್ಟ್ರೇಟರೂ ನಕ್ಕರು. ಇವಳ ಕುಲದವರು ಇಲ್ಲಿ ಯಾರಾದರೂ ಇದ್ದಾರೆಯೇ, ಇದು ನಿಜವೇ ಎಂದು ಕೇಳಿದ್ದೇ ತಡ, ಮಗಳ ಮನೆಯ ದಾರಿ ಮರೆತಿದ್ದ ಪುಟ್ಟಮಾದಮ್ಮ ಹಿಂದಿನ ಬೆಂಚಿನಿಂದ ಎದ್ದು ನಿಂತು, ನಿಜ ಸ್ವಾಮಿ, ಇವ್ಳು ಕೂಡಿಕೆಯೋಳೇ, ನಾನೇ ಎಷ್ಟೋ ಸಲ ಒಲೆ ಕಡೆ ಕಳ್ಸಿವ್ನಿ, ಎಂದು ಪ್ರಮಾಣ ಮಾಡಿ ಹೇಳಿದಳು. ಅವಳ ದನಿಯಲ್ಲಿ ಎಂಥ ಉತ್ಸಾಹ. ತನ್ನ ಬಾಯಿಂದ ಹೊರಬೀಳದಿದ್ದರೆ ಮುಚ್ಚಿಟ್ಟ ಹಾಗೆ ಎಂದು ಇಪ್ಪತ್ತಾರು ವರ್ಷ ತಾನು ನಂಬಿಕೊಂಡದ್ದು ತಾಯಮ್ಮನಿಗೆ ನೆನಪಾಯಿತು. ಒಬ್ಬರ ಮುಖದಲ್ಲೂ ಆಶ್ಚರ್ಯವಿರಲಿಲ್ಲ. ಸೋಮವಾರದ ಮರುದಿನ ಮಂಗಳವಾರ ಎಂದು ಪ್ರಮಾಣ ಮಾಡಿ ಹೇಳಿದವಳಂತೆ ತಾಯಮ್ಮ ಕಟಕಟೆಯಲ್ಲಿ ನಿಂತಿದ್ದಳು.

ಮದುವೆಯಾಯಿತು ಎಂಬುದಕ್ಕೆ ನಂಬುವಂಥ ರುಜುವಾತಿಲ್ಲ, ಲಿಂಗಯ್ಯನ ಅರ್ಜಿ ವಜಾ, ಕಾಯಿದೆಯ ಪ್ರಕಾರದ ಮೊಕದ್ದಮೆ ಮುಂದುವರಿಯತಕ್ಕದ್ದು ಎಂದು ಮ್ಯಾಜಿಸ್ಟ್ರೇಟರು ಬರೆಸಿದರು. ಲಿಂಗಯ್ಯ ತಲೆ ಬಾಗಿಸಿ ವಕೀಲರ ಕಿವಿಯಲ್ಲಿ ಏನೋ ಹೇಳುತ್ತಿದ್ದ. ಚಿಕ್ಕಪ್ಪನೂ ಆರೋಪಿ, ಮೊಕದ್ದಮೆ ಮುಗಿಯುವತನಕ ಹುಡುಗಿಯನ್ನು ಇಟ್ಟುಕೊಳ್ಳುವವರು ಊರಿನಲ್ಲಿ ಯಾರಾದರೂ ಉಂಟೇ ಎಂಬ ಪ್ರಶ್ನೆ ಬಂತು. ನನ್ನ ಹಟ್ಟಿಗೆ ಬರಲಿ ಎಂದು ತಾಯಮ್ಮ ಕಟಕಟೆಯಿಂದಲೇ ಕೂಗಿದಳು. ಹುಡುಗಿ ಓಡಿ ಬರುವುದು, ತಾನು ತಲೆ ನೇವರಿಸುವುದು, ಕಾಮಾಕ್ಷಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವುದು, ಎಲ್ಲ ಅವಳಿಗೆ ಕಂಡಿತು. ಇಷ್ಟೆಲ್ಲ ಕಳೆದುಕೊಂಡ ಮೇಲೆ ಅಷ್ಟಾದರೂ ಬರಬೇಕಾದ್ದು ನ್ಯಾಯವಲ್ಲವೆ?

“ಆ ವಮ್ಮನ ಅಟ್ಟಿಗೆ ನಾನು ಓಗಕಿಲ್ಲ,” ಎಂದಳು ಚಿಕ್ಕಬೋರಮ್ಮ. ಸಿಟ್ಟಿನಿಂದಲ್ಲ. ಮ್ಯಾಜಿಸ್ಟ್ರೇಟರು ಅವಳನ್ನು ಆಶ್ರಮಕ್ಕೆ ಬರೆದುಕೊಟ್ಟರು.

ಹೊರಗೆ ಬಿಸಿಲು. ಪುಟ್ಟಮಾದಮ್ಮ ಮಗಳ ಮನೆಗೆ ನಿಜವಾಗಿಯೂ ಹೋಗಿದ್ದಳು, ಸುದ್ದಿ ಅಷ್ಟಿತ್ತು. ಕಾಮಾಕ್ಷಮ್ಮ ಜಟಕಾ ಗೊತ್ತುಮಾಡುತ್ತಿದ್ದರು. ಹುಡುಗಿ ಬೇವಿನ ಮರದ ಕೆಳಗೆ ಒಂಟಿಯಾಗಿ ನಿಂತಿದ್ದಳು. ತಾಯಮ್ಮ ಬುತ್ತಿಗಂಟು ಹಿಡಿದುಕೊಂಡು, ಹತ್ತಿರ ಹೋಗಬಾರದು ಎಂದು ನಿಶ್ಚಯಿಸಿ, ಹೋದಳು. ಊಟ ಮಾಡಿದೆಯಾ ಎಂದು ಕೇಳುವುದೋ, ತಪ್ಪಾಯಿತು ಎನ್ನುವುದೋ ಎಂದು ತೋಚದೆ ಎರಡನ್ನೂ ಬಿಟ್ಟು ನಿಂತಳು. ಹುಡುಗಿಯೇ ಮಾತಾಡಿದಳು, ಜಟಕಾದ ಕಡೆ ನೋಡುತ್ತ.

“ಬೆಂಗಳೂರಲ್ಲಿ ಇನ್ನೂ ನಾಕು ಜನ ಅವ್ರೆ. ಅವ್ರನ್ನೂವೆ ಎಂಡ್ತೀರು ಅಂತ್ಲೇ 
ಏಳ್ತಾನೆ. ಅವ್ರಿಗೂ ಒಬ್ಬೊಬ್ಳು ಅರಿಸಿನ ಅಚ್ಚಿರ್ತಾಳೆ.”

ತಾಯಮ್ಮ ಬುತ್ತಿಗಂಟನ್ನು ಇನ್ನೊಂದು ಕೈಗೆ ಬದಲಿಸಿದಳು.

“ಅಲ್ಲಿ ಕೋರ್ಟಿಗೆ ಕರದ್ರೆ, ಆ ಎಂಗಸ್ರೂ ಬಾಯ್ ಬಿಡಂಗೆ, ಇವತ್ತು ಅಂದಿದ್ದ ಅಂಗೇ ಅಂತೀಯಾ?”

ಇನ್ನೊಂದು ಊರು, ಇನ್ನೊಬ್ಬ ಗುಮಾಸ್ತ, ಇಟ್ಟುಕೊಂಡವಳಲ್ಲ ಬುದ್ದಿ ಎಂದು ಮತ್ತೆ ಮೊದಲಿನಿಂದ. ಅಲ್ಲಿಗೂ ಪುಟ್ಟಮಾದಮ್ಮನನ್ನು ಕರೆಸುತ್ತಾರೆಯೇ ಎಂದು ಕೇಳಬೇಕೆನಿಸಿತು. ಹಾಗೆ ಅನಿಸಿದ್ದಕ್ಕೆ ತನ್ನ ಬಾಯಿಯ ಮೇಲೆ ತಾನೇ ಹೊಡೆದುಕೊಳ್ಳಬೇಕೆನಿಸಿತು.

“ಅಂತೀನಿ,” ಎಂದಳು.

ಹುಡುಗಿ ತಲೆಯಾಡಿಸಿ ಜಟಕಾ ಹತ್ತಿದಳು.